ರೀಡಿಂಗು ಬರೆಯುವ ಕೈ ಯಾರದು?

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಕನ್ನಡದ ತರಗತಿಯಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದರ ಮೇಲೆ ವಿಸ್ತರಣೆ ಬರೆದು ಅಂಕವನ್ನೂ ಗಳಿಸುತ್ತಾರೆ. ಅದೇ ಮಕ್ಕಳು ಮುಂದಿನ ಅವಧಿಗೆ ವಿಜ್ಞಾನದ ಪ್ರಯೋಗಶಾಲೆಗೆ ಬಂದಾಗ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ತಿಳಿದಿರುವ ನಿಯಮವೊಂದಿದೆ: ಕಂಡದ್ದು ಏನೇ ಇರಲಿ, ಬರಬೇಕಾದದ್ದನ್ನು ಬರೆ.

ನಂಬಿಕೆ ಬಾರದವರು ಯಾವುದಾದರೂ ತರಗತಿಯ ದಾಖಲೆ ಪುಸ್ತಕಗಳನ್ನು ತೆರೆದು ಓಮ್‌ನ ನಿಯಮದ ಪುಟವನ್ನು ನೋಡಬಹುದು. 10 ಓಮ್ ರೋಧಕದ ತುದಿಗಳ ನಡುವೆ 1 ವೋಲ್ಟ್ ಇದ್ದಾಗ 0.1 ಆಂಪಿಯರ್, 2 ವೋಲ್ಟ್ ಇದ್ದಾಗ 0.2 ಆಂಪಿಯರ್. ನಕ್ಷೆಯ ಹಾಳೆಯ ಮೇಲೆ ಐದೂ ಚುಕ್ಕೆಗಳು ಅಳತೆಪಟ್ಟಿ ಇಟ್ಟು ಜೋಡಿಸಿದಂತೆ ಒಂದೇ ಗೆರೆಯಲ್ಲಿ ಕುಳಿತಿರುತ್ತವೆ. ಬ್ಯಾಟರಿ ಎಷ್ಟು ಹಳೆಯದು, ತಂತಿಯ ತುದಿಗೆ ಕಿಲುಬು ಹಿಡಿದಿತ್ತೆ, ರೋಧಕ ಬಿಸಿಯಾಗಿತ್ತೆ ಎಂಬ ಯಾವ ಸುಳಿವೂ ಅಲ್ಲಿ ಸಿಗದು. ಮೊದಲು ಉತ್ತರ, ಆಮೇಲೆ ರೀಡಿಂಗು; ಹಿಂದಿನಿಂದ ಮುಂದಕ್ಕೆ ತುಂಬಿದ ಕೋಷ್ಟಕ ಅದು. ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ. ಪುಸ್ತಕದ ಉತ್ತರ ಬಂದರೆ ಸಹಿ, ಬಾರದಿದ್ದರೆ ‘ಮತ್ತೆ ಮಾಡು’ ಎಂಬ ಆಜ್ಞೆ ಎಂದಾದಾಗ ಜಾಣ ಹುಡುಗನೊಬ್ಬ ಏನು ಮಾಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದು ಶಾಲೆಯ ಮಕ್ಕಳಿಗಷ್ಟೇ ಅಂಟಿದ ರೋಗವೂ ಅಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ 1913ರಲ್ಲಿ ಎಣ್ಣೆಯ ಹನಿಗಳ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಗಾಳಿಯ ಸ್ನಿಗ್ಧತೆಗೆ ಅವರು ಬಳಸಿದ ಬೆಲೆ ತುಸು ತಪ್ಪಾಗಿದ್ದುದರಿಂದ ಅವರ ಉತ್ತರ ಇಂದಿನ ಬೆಲೆಗಿಂತ ನೂರಕ್ಕೆ ಅರ್ಧದಷ್ಟು ಕಡಿಮೆಯಿತ್ತು. ಆಮೇಲೆ ಅಳೆದವರು ಒಮ್ಮೆಗೇ ಸರಿಯಾದ ಬೆಲೆಗೆ ಏರಲಿಲ್ಲ; ಒಬ್ಬರು ಮಿಲಿಕನ್‌ರಿಗಿಂತ ಸ್ವಲ್ಪ ಹೆಚ್ಚು, ಇನ್ನೊಬ್ಬರು ಅದಕ್ಕಿಂತ ಸ್ವಲ್ಪ ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್‌ನ ಘಟಿಕೋತ್ಸವ ಭಾಷಣದಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಿದರು. ಮಿಲಿಕನ್‌ರ ಬೆಲೆಗಿಂತ ಬಹಳ ಹೆಚ್ಚು ಬಂದಾಗ ಅಳೆದವರು ತಮ್ಮಲ್ಲೇ ತಪ್ಪು ಹುಡುಕಿದರು. ಹತ್ತಿರ ಬಂದಾಗ ಅಷ್ಟು ಕಷ್ಟಪಟ್ಟು ಹುಡುಕಲಿಲ್ಲ. ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲೇ ಹೀಗಾದರೆ ಹದಿನೈದರ ಮಗುವಿನ ಪಾಡೇನು?

ಆದ್ದರಿಂದ ನನ್ನ ವಾದ ಇಷ್ಟು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಗಣಕಕ್ಕೆ ತಂತಿಯ ಮೂಲಕ ರೀಡಿಂಗು ಕಳುಹಿಸಬಲ್ಲ ಡಿಜಿಟಲ್ ಮಲ್ಟಿಮೀಟರು ಒಂದಾದರೂ ಇರಬೇಕು. ಅದು ಮಕ್ಕಳ ಶ್ರಮ ಉಳಿಸಲಿ ಎಂಬುದಕ್ಕಲ್ಲ. ಪಠ್ಯಪುಸ್ತಕವನ್ನು ಓದಿರದ ಕೈಯೊಂದು ಬರೆದ ರೀಡಿಂಗುಗಳನ್ನು ಅವರು ಜೀವನದಲ್ಲಿ ಒಮ್ಮೆಯಾದರೂ ಎದುರಿಸಬೇಕು ಎಂಬುದಕ್ಕೆ.

ಈ ತಂತಿಯ ಸಂಪರ್ಕಕ್ಕೆ ಸೀರಿಯಲ್ ಎಂದು ಹೆಸರು. ಕನ್ನಡದಲ್ಲಿ ‘ಸರಣಿ’ ಎನ್ನೋಣವೆಂದರೆ ರೋಧಕಗಳ ಸರಣಿ ಜೋಡಣೆಯೊಡನೆ ಗೊಂದಲವಾಗುತ್ತದೆ. ಸೀರಿಯಲ್ ಎಂದರೆ ನಮ್ಮ ಮನೆಯಲ್ಲಿ ಸಂಜೆಯ ಧಾರಾವಾಹಿ ನೆನಪಾಗುತ್ತದೆ. ಇರಲಿ, ಎರಡನೆಯ ಗೊಂದಲವೇ ವಾಸಿ. ಅರ್ಥ ಸರಳ: ಮಾಹಿತಿಯ ಸೊನ್ನೆ-ಒಂದುಗಳನ್ನು ಹಲವು ತಂತಿಗಳ ಮೇಲೆ ಏಕಕಾಲಕ್ಕೆ ಕಳುಹಿಸದೆ, ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದಾಗಿ ಕಳುಹಿಸುವುದು. ಇದಕ್ಕೆ ಆರ್‌ಎಸ್-232 ಎಂಬ ಮಾನಕವನ್ನು ಅಮೆರಿಕದಲ್ಲಿ 1960ರಲ್ಲಿ ರೂಪಿಸಿದರು. 1969ರ ಪರಿಷ್ಕೃತ ರೂಪವೇ ಬಹುಕಾಲ ಬಳಕೆಯಲ್ಲಿದ್ದುದು. ಹಳೆಯ ಗಣಕಗಳ ಬೆನ್ನಿನಲ್ಲಿದ್ದ ಒಂಬತ್ತು ಕಡ್ಡಿಗಳ ಪುಟ್ಟ ಕಿಂಡಿ ಇದರದೇ. ಈ ಮಾನಕದಲ್ಲಿ ‘ಒಂದು’ ಎಂಬುದಕ್ಕೆ ಋಣ ವಿಭವ, ‘ಸೊನ್ನೆ’ ಎಂಬುದಕ್ಕೆ ಧನ ವಿಭವ. ಮಕ್ಕಳಿಗೆ ಇದು ಬಹಳ ತಮಾಷೆಯಾಗಿ ಕಾಣುತ್ತದೆ.

ಮೀಟರುಗಳು ಈ ತಂತಿಯಲ್ಲಿ ಮಾತನಾಡುವ ರೀತಿ ಎಲ್ಲಕ್ಕೂ ಒಂದೇ ಅಲ್ಲ. ತರಗತಿಯಲ್ಲಿ ಎರಡು ಬಗೆಯ ವಿದ್ಯಾರ್ಥಿಗಳಿರುವುದನ್ನು ನನ್ನ ವೃತ್ತಿಬಾಂಧವರು ಬಲ್ಲರು: ಕೇಳಿದರೆ ಮಾತ್ರ ಉತ್ತರಿಸುವವರು, ಕೇಳದಿದ್ದರೂ ಹೇಳುತ್ತಲೇ ಇರುವವರು. ಮೆಟೆಕ್ಸ್ ಎಂಬ ಹಳೆಯ ಮೀಟರುಗಳು ಮೊದಲನೆಯ ಜಾತಿ. ಗಣಕವು ‘ಡಿ’ ಎಂಬ ಇಂಗ್ಲಿಷ್ ಅಕ್ಷರವೊಂದನ್ನು ಕಳುಹಿಸಿದರೆ ಮೀಟರು ಹದಿನಾಲ್ಕು ಅಕ್ಷರಗಳ ಸಾಲೊಂದನ್ನು ಹಿಂದಿರುಗಿಸುತ್ತದೆ, ಅದರಲ್ಲಿ ಡಿ.ಸಿ.ಯೋ ಎ.ಸಿ.ಯೋ ಎಂಬುದು, ಸಂಖ್ಯೆ, ಏಕಮಾನ ಎಲ್ಲವೂ ಮನುಷ್ಯರು ಓದಬಲ್ಲ ಅಕ್ಷರಗಳಲ್ಲೇ ಇರುತ್ತವೆ. ವೇಗ ಸೆಕೆಂಡಿಗೆ 1200 ಬಿಟ್. ಪ್ರತಿ ಅಕ್ಷರಕ್ಕೆ ಆರಂಭದ, ಅಂತ್ಯದ ಗುರುತುಗಳೂ ಸೇರಿ ಹತ್ತು ಬಿಟ್. ಹದಿನಾಲ್ಕು ಅಕ್ಷರಕ್ಕೆ 140. ಅಂದರೆ ಒಂದು ರೀಡಿಂಗು ಬಂದು ತಲುಪಲು ಸೆಕೆಂಡಿನ ಎಂಟನೆಯ ಒಂದು ಭಾಗಕ್ಕೂ ತುಸು ಕಡಿಮೆ. ಈ ಲೆಕ್ಕವನ್ನು ಎಂಟನೆಯ ತರಗತಿಯ ಮಗುವೂ ಮಾಡಬಲ್ಲದು.

ಎರಡನೆಯ ಜಾತಿಯದು ಇನ್ನೂ ಸೊಗಸು. ಕಡಿಮೆ ಬೆಲೆಯ ಅನೇಕ ಮೀಟರುಗಳ ಒಳಗೆ ಎಫ್‌ಎಸ್-9721 ಎಂಬ ಚಿಪ್ ಇರುತ್ತದೆ. ಅದು ಸೆಕೆಂಡಿಗೆ 2400 ಬಿಟ್ ವೇಗದಲ್ಲಿ, ಯಾರ ಅಪ್ಪಣೆಗೂ ಕಾಯದೆ, ಹದಿನಾಲ್ಕು ಬೈಟ್‌ಗಳ ಕಂತೆಗಳನ್ನು ಒಂದಾದ ಮೇಲೊಂದು ಕಳುಹಿಸುತ್ತಲೇ ಇರುತ್ತದೆ. ಸ್ವಾರಸ್ಯವೆಂದರೆ ಅದು ಸಂಖ್ಯೆಯನ್ನು ಹೇಳುವುದೇ ಇಲ್ಲ! ತನ್ನ ಮುಖದ ಮೇಲಿನ ಅಂಕಿಗಳಲ್ಲಿ ಯಾವ ಯಾವ ಕಡ್ಡಿ ಮೂಡಿದೆ ಎಂಬುದನ್ನಷ್ಟೇ ಹೇಳುತ್ತದೆ. ಡಿಜಿಟಲ್ ಅಂಕಿಯೊಂದಕ್ಕೆ ಏಳು ಕಡ್ಡಿಗಳು. 8ಕ್ಕೆ ಏಳೂ ಬೇಕು, 1ಕ್ಕೆ ಎರಡೇ ಸಾಕು. ಒಂದು ಅಂಕಿಗೆ ಎರಡು ಬೈಟ್, ನಾಲ್ಕು ಅಂಕಿಗೆ ಎಂಟು. ಉಳಿದ ಆರು ಬೈಟ್‌ಗಳಲ್ಲಿ ವೋಲ್ಟೋ ಆಂಪಿಯರೋ, ಮಿಲಿಯೋ ಕಿಲೋ, ಬ್ಯಾಟರಿ ಇಳಿದಿದೆಯೇ, ‘ಹೋಲ್ಡ್’ ಗುಂಡಿ ಒತ್ತಿದೆಯೇ ಎಂಬ ಗುರುತುಗಳು. ಪ್ರತಿ ಬೈಟ್‌ನ ಮೊದಲರ್ಧದಲ್ಲಿ ‘ನಾನು ಇಷ್ಟನೆಯವನು’ ಎಂಬ ಕ್ರಮಸಂಖ್ಯೆ ಇರುವುದರಿಂದ, ನಡುವಿನಲ್ಲಿ ಬಂದು ಕಿವಿಗೊಟ್ಟವನಿಗೂ ಕಂತೆ ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯುತ್ತದೆ. ಮೀಟರಿನ ಮುಖವನ್ನು ನೋಡುವ ಮನುಷ್ಯನ ಕಣ್ಣಿಗೆ ಕಾಣುವುದೆಲ್ಲವೂ, ಅಷ್ಟೇ, ಗಣಕಕ್ಕೂ ತಲುಪುತ್ತದೆ. ನಕಲು ಪ್ರತಿ ಎಂದರೆ ಇದು.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈ ಕಂತೆಯಲ್ಲಿ ತಾಳೆ ನೋಡುವ ಅಂಕೆ ಯಾವುದೂ ಇಲ್ಲ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಸಾಮಾನ್ಯವಾಗಿ ಯಾವ ಅಂಕಿಯೂ ಅಲ್ಲದ ವಿಕಾರ ಆಕೃತಿ ಬರುತ್ತದೆ, ತಿಳಿಯುತ್ತದೆ. ಆದರೆ 8ರ ನಡುವಿನ ಕಡ್ಡಿಯೇ ಕಳೆದುಹೋದರೆ ಅದು ನಿಶ್ಶಬ್ದವಾಗಿ 0 ಆಗಿಬಿಡುತ್ತದೆ.

ಇನ್ನು ಸುರಕ್ಷತೆ. ಹಲವು ಮೀಟರುಗಳಲ್ಲಿ ಗಣಕಕ್ಕೂ ಮೀಟರಿಗೂ ನಡುವೆ ಲೋಹದ ಸಂಪರ್ಕವೇ ಇರುವುದಿಲ್ಲ. ಮೀಟರಿನ ಮೈಮೇಲಿನ ಪುಟ್ಟ ಕಿಂಡಿಯೊಂದರ ಒಳಗಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಮಿನುಗುತ್ತದೆ. ಕೇಬಲ್ಲಿನ ತುದಿಯಲ್ಲಿರುವ ಬೆಳಕು-ಸಂವೇದಕ ಅದನ್ನು ಓದುತ್ತದೆ. ಗಣಕದ ಮೈ ಭೂಸಂಪರ್ಕ ಹೊಂದಿರುವುದರಿಂದ, ಮೀಟರಿನ ಕಡ್ಡಿಗಳು ಮನೆಯ 230 ವೋಲ್ಟ್‌ಗೆ ತಗುಲಿದ್ದಾಗ ನೇರ ತಂತಿಯಿದ್ದರೆ ಅನಾಹುತವಾಗಬಹುದು. ಬೆಳಕಿಗೆ ಆ ಭಯವಿಲ್ಲ. (ಹಾಗೆಂದು ಶಾಲೆಯಲ್ಲಿ ಮಕ್ಕಳ ಕೈಗೆ 230 ವೋಲ್ಟ್ ಕೊಡಬೇಕೆಂದು ನಾನು ಹೇಳುತ್ತಿಲ್ಲ. 9 ವೋಲ್ಟಿನ ಬ್ಯಾಟರಿಯಲ್ಲೇ ಕಲಿಯಲು ಬೇಕಾದಷ್ಟಿದೆ.) ಆ ಸಂವೇದಕಕ್ಕೆ ಬೇಕಾದ ಅಲ್ಪ ವಿದ್ಯುತ್ತನ್ನು ಸೀರಿಯಲ್ ಕಿಂಡಿಯ ಡಿಟಿಆರ್, ಆರ್‌ಟಿಎಸ್ ಎಂಬ ಎರಡು ಹತೋಟಿ ತಂತಿಗಳಿಂದಲೇ ಪಡೆಯುವ ಕೇಬಲ್ಲುಗಳು ಬಹಳ. ತಂತ್ರಾಂಶವು ಒಂದನ್ನು ಧನಕ್ಕೂ ಇನ್ನೊಂದನ್ನು ಋಣಕ್ಕೂ ಇಡದಿದ್ದರೆ ಮೀಟರು ಹೇಳುತ್ತಿರುತ್ತದೆ, ಕೇಬಲ್ಲಿಗೆ ಮಾತ್ರ ಕಿವಿ ಕೇಳುವುದಿಲ್ಲ. ‘ಮೀಟರು ಕೆಟ್ಟಿದೆ’ ಎಂದು ಕೈಬಿಟ್ಟ ಎಷ್ಟೋ ಕಡೆ ಇರುವುದು ಇದೇ ತೊಡಕು.

ನಮ್ಮ ಬೀದಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಅವಳ ತಮ್ಮ, ಇಬ್ಬರೂ ಭಾನುವಾರಗಳಂದು ನನ್ನಲ್ಲಿಗೆ ಬರುತ್ತಾರೆ. ಅವರೊಡನೆ ಮಾಡಿದ ಒಂದು ಪ್ರಯೋಗವನ್ನು ವಿವರಿಸಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾದೀತು. 9 ವೋಲ್ಟಿನ ಬ್ಯಾಟರಿ, 1 ಮೆಗಾ ಓಮ್ ರೋಧಕ, 100 ಮೈಕ್ರೊಫ್ಯಾರಡ್ ಕೆಪಾಸಿಟರ್. ರೋಧಕದ ಮೂಲಕ ಕೆಪಾಸಿಟರ್ ನಿಧಾನವಾಗಿ ತುಂಬಿಕೊಳ್ಳುತ್ತದೆ, ಸಣ್ಣ ನಲ್ಲಿಯಿಂದ ಹಂಡೆ ತುಂಬಿದ ಹಾಗೆ. ಮೀಟರು ಕೆಪಾಸಿಟರಿನ ತುದಿಗಳ ವಿಭವಾಂತರವನ್ನು ಓದಿ ಗಣಕಕ್ಕೆ ಹೇಳುತ್ತದೆ. ಡಿಪ್ಲೊಮಾ ಓದುತ್ತಿರುವ ಪಕ್ಕದ ಮನೆಯ ಹುಡುಗ ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟ ಸಣ್ಣ ತಂತ್ರಾಂಶ ಪ್ರತಿಯೊಂದು ರೀಡಿಂಗಿನ ಪಕ್ಕದಲ್ಲಿ ವೇಳೆಯನ್ನು ಹಾಕಿ ಕಡತದಲ್ಲಿ ಬರೆದಿಡುತ್ತದೆ. ಆರಂಭಿಸುವ ಮೊದಲೇ ‘ಕೊನೆಗೆ ಎಷ್ಟು ಬರುತ್ತದೆ, ಬರೆದಿಡಿ’ ಎಂದೆ. ಬ್ಯಾಟರಿಯನ್ನು ನೇರವಾಗಿ ಅಳೆದಾಗ 9.24 ಇತ್ತು, ಇಬ್ಬರೂ 9.24 ಎಂದೇ ಬರೆದರು. ಪುಸ್ತಕದ ಪ್ರಕಾರ ಅದೇ ಸರಿ.

ಇಪ್ಪತ್ತು ನಿಮಿಷದಲ್ಲಿ ಸುಮಾರು 2400 ಸಾಲುಗಳು ಬಂದವು. ನಕ್ಷೆ ಏರಿತು, ಬಾಗಿತು, ಚಪ್ಪಟೆಯಾಯಿತು. ಆದರೆ ಅದು ನಿಂತದ್ದು 8.20ರಲ್ಲಿ!

“ಸರ್, ಬ್ಯಾಟರಿ ಇಳಿದುಹೋಗಿದೆ,” ಎಂದ ತಮ್ಮ. ಅಳೆದರೆ 9.24 ಹಾಗೆಯೇ ಇದೆ. “ಕೆಪಾಸಿಟರ್ ಸರಿಯಿಲ್ಲ ಸರ್,” ಎಂದಳು ಅಕ್ಕ. ಇನ್ನೊಂದು ಹಾಕಿದೆವು, ಹೆಚ್ಚುಕಡಿಮೆ ಅದೇ. “ಹಾಗಾದರೆ ಕೆಪಾಸಿಟರನ್ನೇ ತೆಗೆದುಬಿಡಿ, ಬರೀ ರೋಧಕದ ಮೂಲಕ ಬ್ಯಾಟರಿಯನ್ನು ಅಳೆಯಿರಿ,” ಎಂದೆ. ಮೀಟರು 8.41 ತೋರಿಸಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಡುವೆ ಬೇರೇನೂ ಉಳಿದಿಲ್ಲ. ಉಳಿದಿರುವುದು ಮೀಟರು ಒಂದೇ.

ಮಲ್ಟಿಮೀಟರಿನ ವೋಲ್ಟ್ ವಿಭಾಗಕ್ಕೂ ತನ್ನದೇ ಆದ ರೋಧವಿದೆ. ಸಾಮಾನ್ಯವಾಗಿ ಸುಮಾರು 10 ಮೆಗಾ ಓಮ್. 1 ಮೆಗಾ ಓಮಿನ ರೋಧಕದೊಡನೆ ಅದು ಸರಣಿಯಲ್ಲಿ ನಿಂತಾಗ ಬ್ಯಾಟರಿಯ ವಿಭವಾಂತರ ಹನ್ನೊಂದು ಪಾಲಾಗಿ, ಹತ್ತು ಪಾಲು ಮಾತ್ರ ಮೀಟರಿನ ಮೇಲೆ ಬೀಳುತ್ತದೆ. 9.24ರ ಹನ್ನೊಂದರಲ್ಲಿ ಹತ್ತು ಪಾಲು 8.40. ಹಂಡೆ ತುಂಬಿದೆಯೇ ಎಂದು ನೋಡಲು ಬಂದವನೇ ತಂಬಿಗೆಯಲ್ಲಿ ನೀರು ಮೊಗೆದುಕೊಂಡು ಹೋಗುತ್ತಿದ್ದಾನೆ! 8.41ರಿಂದ 8.20ಕ್ಕೆ ಇಳಿದ ಉಳಿದ ಅಲ್ಪಸ್ವಲ್ಪ ಕೆಪಾಸಿಟರಿನ ಒಳಸೋರಿಕೆ. ಎಲೆಕ್ಟ್ರೋಲಿಟಿಕ್ ಜಾತಿಯ ಕೆಪಾಸಿಟರುಗಳಿಗೆ ಅದು ಹುಟ್ಟುಗುಣ. ಲೆಕ್ಕ ಹಾಕಿದರೆ ಕಾಲು ಮೈಕ್ರೊಆಂಪಿಯರಿಗೂ ಕಡಿಮೆ.

ಈಗ ಯೋಚಿಸಿ. ಇದೇ ಪ್ರಯೋಗವನ್ನು ಗಡಿಯಾರ ನೋಡಿಕೊಂಡು, ಪೆನ್ನು ಹಿಡಿದು, ಅಂಕಕ್ಕಾಗಿ ಮಾಡಿದ್ದರೆ ಕೋಷ್ಟಕದ ಕೊನೆಯ ಸಾಲಿನಲ್ಲಿ ಏನಿರುತ್ತಿತ್ತು? 9.24 ಇರುತ್ತಿತ್ತು. ಅಚ್ಚುಕಟ್ಟಾದ ನಕ್ಷೆ, ಕೆಂಪು ಶಾಯಿಯ ಸಹಿ. ಮೀಟರಿಗೂ ರೋಧವಿದೆ, ಅಳೆಯುವ ಕ್ರಿಯೆಯೇ ಅಳೆಯಲ್ಪಡುವುದನ್ನು ಬದಲಿಸಬಹುದು ಎಂಬ, ವಿದ್ಯುತ್ ಅಧ್ಯಾಯದಲ್ಲೇ ಅತ್ಯಂತ ಮುಖ್ಯವಾದ ಪಾಠ ಆ ಮನೆಗೆ ಬರುತ್ತಲೇ ಇರಲಿಲ್ಲ.

ನಕ್ಷೆಯಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಸುಮಾರು ಒಂದು ನಿಮಿಷದ ಹೊತ್ತಿಗೆ, ವಿಭವಾಂತರ 4 ವೋಲ್ಟ್ ದಾಟಿದ ಕೂಡಲೇ, ನುಣುಪಾದ ಗೆರೆ ಪುಟ್ಟ ಪುಟ್ಟ ಮೆಟ್ಟಿಲುಗಳಾಯಿತು. ಮೀಟರು ತಾನಾಗಿ ವ್ಯಾಪ್ತಿ ಬದಲಿಸಿ ಮೂರು ದಶಮಾಂಶದಿಂದ ಎರಡಕ್ಕೆ ಇಳಿದಿತ್ತು. ಪ್ರಕೃತಿಯಲ್ಲಿರುವ ಮೆಟ್ಟಿಲು ಯಾವುದು, ಉಪಕರಣದ ಮೆಟ್ಟಿಲು ಯಾವುದು ಎಂದು ಆ ಹುಡುಗ ಕೇಳಿದ. ಬಿ.ಎಡ್. ತರಬೇತಿಯಲ್ಲಿ ಬರೆದ ಪಾಠಯೋಜನೆಗಳಲ್ಲಿ ಇಂತಹ ಪ್ರಶ್ನೆಯನ್ನು ‘ನಿರೀಕ್ಷಿತ ಪ್ರಶ್ನೆ’ಗಳ ಕಲಮಿನಲ್ಲಿ ಬರೆಯುವ ಧೈರ್ಯ ಯಾರಿಗೂ ಇರಲಾರದು.

ಯಂತ್ರ ಬರೆದದ್ದೆಲ್ಲ ಸತ್ಯವೆಂದು ನಾನು ಹೇಳಿದೆನೆಂದು ಯಾರೂ ಭಾವಿಸಬಾರದು. ಮೀಟರಿನ ಕೈಪಿಡಿಯಲ್ಲಿ ನಿಖರತೆಯನ್ನು ±(0.5% + 2) ಎಂಬ ರೀತಿಯಲ್ಲಿ ಕೊಟ್ಟಿರುತ್ತಾರೆ: ರೀಡಿಂಗಿನ ನೂರಕ್ಕೆ ಅರ್ಧ ಪಾಲು, ಜೊತೆಗೆ ಕೊನೆಯ ಅಂಕಿಯಲ್ಲಿ ಎರಡರಷ್ಟು. ಹಾಗಿದ್ದರೆ 8.20 ಎಂಬುದು ನಿಜವಾಗಿ 8.14ರಿಂದ 8.26ರವರೆಗೆ ಏನಾದರೂ ಇರಬಹುದು. 2400 ಸಾಲುಗಳ ಸರಾಸರಿ ತೆಗೆದರೂ ಈ ಬಗೆಯ ದೋಷ ಕರಗುವುದಿಲ್ಲ. ತಪ್ಪು ತಕ್ಕಡಿಯಲ್ಲಿ ನೂರು ಸಲ ತೂಗಿದರೂ ತೂಕ ತಪ್ಪೇ. ಮೀಟರು ವೇಳೆಯನ್ನು ಕಳುಹಿಸುವುದಿಲ್ಲ, ಅದನ್ನು ಹಾಕುವುದು ಗಣಕ. ರೀಡಿಂಗುಗಳೋ ಸೆಕೆಂಡಿಗೆ ಎರಡು ಮೂರು. ಆದ್ದರಿಂದ ಒಂದೂವರೆ ನಿಮಿಷದ ಗತಿಯಲ್ಲಿ ತುಂಬುವ ಕೆಪಾಸಿಟರಿಗೆ ಇದು ಸಾಕು, ಕಣ್ಣೆವೆಯಿಕ್ಕುವುದರೊಳಗೆ ತುಂಬುವುದಕ್ಕೆ ಸಾಲದು. ಯಾರಾದರೂ ‘ಹೋಲ್ಡ್’ ಗುಂಡಿ ಒತ್ತಿ ಮರೆತರೆ ರಾತ್ರಿಯಿಡೀ ಒಂದೇ ಸಂಖ್ಯೆ ಬಂದು ಕೂರುತ್ತದೆ. ಇವೆಲ್ಲ ಪಾಠಗಳೇ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ನಾನು ಅತ್ಯಂತ ಗೌರವಿಸುವುದು ಒಂದನ್ನು. ಕಣ್ಣಿನಿಂದ ನೋಡಿ ಕೈಯಿಂದ ಬರೆಯುವ ಅಭ್ಯಾಸ ಕೆಡುತ್ತದೆ, ಯಂತ್ರವೇ ಎಲ್ಲ ಮಾಡಿದರೆ ಮಗು ಪ್ರೇಕ್ಷಕನಾಗುತ್ತದೆ ಎನ್ನುವವರ ಮಾತಿನಲ್ಲಿ ನಿಜವಿದೆ. ಮುಳ್ಳಿನ ಮೀಟರಿನಲ್ಲಿ ಮುಳ್ಳಿಗೂ ಕನ್ನಡಿಯಲ್ಲಿನ ಅದರ ಬಿಂಬಕ್ಕೂ ತಾಳೆ ಮಾಡಿ ಓದುವ ಕೌಶಲವನ್ನು ಯಾವ ಕೇಬಲ್ಲೂ ಕಲಿಸದು. ಅದಕ್ಕೇ ನಮ್ಮ ಪಡಸಾಲೆಯ ಪ್ರಯೋಗಶಾಲೆಯಲ್ಲಿ ಮೊದಲ ಇಪ್ಪತ್ತು ರೀಡಿಂಗುಗಳು ಶಾಯಿಯಲ್ಲಿ, ಕೈಬರಹದಲ್ಲಿ. ಅದಾದ ಮೇಲೆಯೇ ಕೇಬಲ್ಲು. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಕೈಬರಹದ ರೀಡಿಂಗುಗಳು ಯಾವ ಕಡೆಗೆ ವಾಲಿವೆ ಎಂದು ಮಕ್ಕಳೇ ಕಂಡುಹಿಡಿದು ನಗುತ್ತಾರೆ.

ಕಡತದಲ್ಲೂ ಅಂಕಿ ತಿದ್ದಬಹುದಲ್ಲ ಎನ್ನುವವರಿದ್ದಾರೆ. ಖಂಡಿತ ತಿದ್ದಬಹುದು. ಆದರೆ ಐದು ಅಂಕಿಗಳನ್ನು ಹೊಂದಿಸಿ ಬರೆಯುವಷ್ಟು ಸುಲಭವಾಗಿ 2400 ಸಾಲುಗಳನ್ನು, ಕೊನೆಯ ಅಂಕಿಯ ಆ ಸಣ್ಣ ನಡುಕವೂ ಸೇರಿದಂತೆ, ಹೊಂದಿಸಲಾಗದು. ಹೊಂದಿಸಬಲ್ಲವನು ಆ ವೇಳೆಗೆ ಪ್ರಯೋಗವನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಿರುತ್ತಾನೆ!

ಖರ್ಚಿನ ಮಾತಿಗೆ ಹೆಚ್ಚು ಹೇಳಬೇಕಾಗಿಲ್ಲ. ಅತಿ ಅಗ್ಗದ ಮೀಟರುಗಳಲ್ಲಿ ಈ ಸೌಲಭ್ಯವಿಲ್ಲ ಎಂಬುದು ನಿಜ. ಆದರೆ ಅದಿರುವ ಮೀಟರು ಗೋಡೆಯ ಮೇಲಿನ ಡಿಜಿಟಲ್ ಹಲಗೆಯ ಬೆಲೆಯ ಮುಂದೆ ಏನೂ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಲು ಹೋದವರು ಎರಡು ಪ್ರಶ್ನೆ ಕೇಳಬೇಕು: ಕೇಬಲ್ಲು ಪೆಟ್ಟಿಗೆಯೊಳಗೇ ಬರುತ್ತದೆಯೇ, ಅದರ ತುದಿ ಯಾವುದು? ಇಂದಿನ ಲ್ಯಾಪ್‌ಟಾಪುಗಳಲ್ಲಿ ಒಂಬತ್ತು ಕಡ್ಡಿಯ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಯುಎಸ್‌ಬಿ ಪರಿವರ್ತಕ ಬೇಕಾಗುತ್ತದೆ. ಕೆಲವು ಪರಿವರ್ತಕಗಳು ಆ ಹತೋಟಿ ತಂತಿಗಳಿಗೆ ಸಾಕಷ್ಟು ವಿಭವ ಕೊಡುವುದಿಲ್ಲ. ಅಂಗಡಿಯಲ್ಲೇ ಜೋಡಿಸಿ ನೋಡುವುದು ಮೇಲು. ತಂತ್ರಾಂಶಕ್ಕೆ ಹಣ ಬೇಡ. ಸಿಗ್ರಾಕ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಹತ್ತಾರು ಮೀಟರುಗಳ ಭಾಷೆಯನ್ನು ಬಿಡಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಮೀಟರೇ ಬೇಡವೆಂದರೆ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ಶಾಲಾ ಕಾಲೇಜುಗಳಿಗೆಂದೇ ರೂಪಿಸಿದ ಎಕ್ಸ್‌ಪ್‌ಐಸ್ ಎಂಬ ಪುಟ್ಟ ಪೆಟ್ಟಿಗೆಯೂ ಇದೆ. ಆದರೂ ನಾನು ಮೀಟರನ್ನೇ ಮೆಚ್ಚುತ್ತೇನೆ. ಮುಖದ ಮೇಲೆ ಕಾಣುವ ಅಂಕಿಯೂ ಪರದೆಯ ಮೇಲಿನ ಅಂಕಿಯೂ ಒಂದೇ ಎಂದು ಮಗು ತನ್ನ ಕಣ್ಣಿನಿಂದಲೇ ನೋಡಬಹುದು.

ಅಧಿಕಾರಿಗಳು ಇದನ್ನು ಓದುತ್ತಾರೆಂಬ ಭ್ರಮೆ ನನಗಿಲ್ಲ. ಓದುವ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ ಮಾತ್ರ: ದಾಖಲೆ ಪುಸ್ತಕದಲ್ಲಿ ಪುಸ್ತಕದ ಉತ್ತರಕ್ಕೆ ಹೊಂದದ ರೀಡಿಂಗು ಕಂಡಾಗ, ಅದರ ಪಕ್ಕದಲ್ಲಿ ‘ಏಕೆ?’ ಎಂದಷ್ಟೇ ಬರೆದು, ಅಂಕವನ್ನು ಪೂರ್ತಿ ಕೊಡಿ. ಅಷ್ಟಾದರೆ ಕೇಬಲ್ಲು ತಡವಾಗಿ ಬಂದರೂ ಚಿಂತೆಯಿಲ್ಲ.

ಆ ಹುಡುಗಿ ಈಗ ಹೊಸ ತಕರಾರು ತೆಗೆದಿದ್ದಾಳೆ. ಮೀಟರು ತಗುಲಿಸಿದರೆ ಅದೇ ಕುಡಿಯುತ್ತದೆ, ತಗುಲಿಸದಿದ್ದರೆ ತಿಳಿಯುವುದಿಲ್ಲ. ಹಾಗಾದರೆ ಕೆಪಾಸಿಟರ್ ತಾನೇ ತಾನಾಗಿ ಎಷ್ಟು ಸೋರುತ್ತದೆಂದು ಅಳೆಯುವುದು ಹೇಗೆ ಎಂದು ಕೇಳುತ್ತಾಳೆ. ಅವಳ ತಮ್ಮ ಸೂಚಿಸಿದ ಉಪಾಯ ಇದು: ತುಂಬಿದ ಕೆಪಾಸಿಟರನ್ನು ಎಲ್ಲದರಿಂದಲೂ ಬಿಡಿಸಿ ಒಂದು ಗಂಟೆ ಸುಮ್ಮನೆ ಇಟ್ಟು, ಆಮೇಲೆ ಎರಡೇ ಸೆಕೆಂಡು ಮೀಟರು ಮುಟ್ಟಿಸಿ, ಕಡತದಲ್ಲಿ ಬಂದ ಮೊದಲ ಸ್ಥಿರ ರೀಡಿಂಗನ್ನು ಹಿಡಿಯುವುದು. ಬರುವ ಭಾನುವಾರ ಮೂರು ಕೆಪಾಸಿಟರುಗಳನ್ನಿಟ್ಟು ಮಾಡುವವರಿದ್ದೇವೆ. ಒಂದನ್ನು ಒಂದು ಗಂಟೆ, ಇನ್ನೊಂದನ್ನು ಎರಡು, ಮತ್ತೊಂದನ್ನು ನಾಲ್ಕು ಗಂಟೆ.